ಎಂಟು ಗಂಟೆಗೆ ಹಾಕುವ ಬಾಗಿಲು

ಹೊಟ್ಟೆ ಕಟ್ಟಿ ಕೂತವನ ಎದುರಿಗೇ ಊರಿನ ಬಾಳೆಲೆಗಳೆಲ್ಲ ಬಂದು ಬೀಳುತ್ತವೆ. ಬೇರೆಯವರು ಉಪವಾಸ ಮಾಡಿದರೆ ಪುಣ್ಯ ಬರ್ತದೆ, ನಾನು ಮಾಡಿದರೆ ಪ್ರಸಂಗ ಬರ್ತದೆ. ಒಂದು ಮುಗಿಯಿತು ಅನ್ನುವಾಗ ಇನ್ನೊಂದು.

ನಾನು ಸಿದ್ಧಕಟ್ಟೆ ಕಡೆಯವ. ಪಿಕಪ್ ಓಡಿಸ್ತೇನೆ. ಬಂಟ್ವಾಳ, ಮೂಡುಬಿದಿರೆ, ಬೆಳ್ತಂಗಡಿ, ಈ ಮೂರು ಕಡೆಯ ಯಾವ ಗುಡ್ಡದ ಮನೆಗಾದರೂ ಸರಿ, ಸಿಮೆಂಟ್ ತುಂಬಿದ ಗಾಡಿಯನ್ನು ರಿವರ್ಸಿನಲ್ಲಿ ಹತ್ತಿಸುವುದರಲ್ಲಿ ನನ್ನನ್ನು ಮೀರಿಸುವವ ಇನ್ನೂ ಹುಟ್ಟಲಿಲ್ಲ. ಕಬಡ್ಡಿಯೂ ಹಾಗೆಯೇ. ಇಪ್ಪತ್ತೆರಡು ವರ್ಷದವನಿದ್ದಾಗ ನಾನು ರೈಡಿಗೆ ಹೋದರೆ ಎದುರಿನವರು ಬೋನಸ್ ಗೆರೆ ಬಿಟ್ಟು ಹಿಂದೆ ಹಿಂದೆ ಹೋಗಿ ಪ್ರೇಕ್ಷಕರ ಕಾಲು ತುಳಿಯುತ್ತಿದ್ದರು. ಇದು ಬಡಾಯಿ ಅಲ್ಲ, ತುಳಿಸಿಕೊಂಡವರು ಊರಿನಲ್ಲಿ ಇದ್ದಾರೆ, ಕೇಳಬಹುದು.

ಆದರೆ ಇದು ಗೆದ್ದ ಕತೆ ಅಲ್ಲ, ಮೊದಲೇ ಹೇಳಿಬಿಡ್ತೇನೆ. ನಾನು ಗೆಲ್ಲಬೇಕಿದ್ದ ಟ್ರೋಫಿ ಈಗ ಬೆಳ್ತಂಗಡಿ ಆಚೆಯ ಯಾವುದೋ ಸಂಘದ ಕಪಾಟಿನಲ್ಲಿ ಉಂಟು. ಅದರ ಮೇಲೆ ನನ್ನ ಅಪ್ಪನ ಹೆಸರು ಕೊರೆದದ್ದುಂಟು.

ಮೈಕ್

ಕಳೆದ ವರ್ಷ ಮಳೆಗಾಲಕ್ಕೆ ಸ್ವಲ್ಪ ಮೊದಲು ಅಪ್ಪ ಹೋದರು. ಬೆಳಿಗ್ಗೆ ಚಾ ಕುಡಿದು, ಲೋಟ ಕೆಳಗಿಟ್ಟು, ಇನ್ನು ಏಳಲಿಲ್ಲ. ಅಪ್ಪನೂ ಕಬಡ್ಡಿಯವರೇ. ಅವರು ಹಿಡಿದ ಕಾಲು ಬಿಡಿಸಿಕೊಂಡು ಹೋದವ ಈ ಸೀಮೆಯಲ್ಲಿ ಇರಲಿಲ್ಲ.

ಉತ್ತರಕ್ರಿಯೆಯ ದಿನ ನುಡಿನಮನ ಇತ್ತು. ಯುವಕ ಮಂಡಲದ ಅಧ್ಯಕ್ಷರು ಮೈಕ್ ಹಿಡಿದು, “ಮೃತರ ಸ್ಮರಣಾರ್ಥ ಬರುವ ಡಿಸೆಂಬರಿನಲ್ಲಿ ಅರವತ್ತೈದು ಕೆಜಿ ವಿಭಾಗದ ಕಬಡ್ಡಿ ಪಂದ್ಯಾಟ ಮಾಡ್ತೇವೆ” ಅಂದರು. ಜನ ಕಣ್ಣು ಒರೆಸಿಕೊಂಡರು. ನನಗೆ ಒಳಗೆ ಎಂತ ಆಯಿತೋ ಗೊತ್ತಿಲ್ಲ, ಎದ್ದು ಹೋಗಿ ಅವರ ಕೈಯಿಂದ ಮೈಕ್ ಕಿತ್ತುಕೊಂಡೆ.

“ಅಪ್ಪನ ಟ್ರೋಫಿ ಊರು ಬಿಟ್ಟು ಹೊರಗೆ ಹೋಗಲಿಕ್ಕಿಲ್ಲ! ನಾನೇ ಆಡ್ತೇನೆ! ನಾನೇ ತರ್ತೇನೆ!”

ಶಾಮಿಯಾನದ ಕೆಳಗೆ ನಾನೂರು ಜನ. ಚಪ್ಪಾಳೆ ಹೊಡೆಯಬೇಕಾ ಬೇಡವಾ ಅಂತ ಗೊತ್ತಾಗದೆ, ಅರ್ಧ ಜನ ಹೊಡೆದು ನಿಲ್ಲಿಸಿದರು. ಅಧ್ಯಕ್ಷರು ನನ್ನ ಕಿವಿಯ ಹತ್ತಿರ ಬಂದು ಕೇಳಿದರು, “ಈಗ ನೀನು ಎಷ್ಟು ಕೆಜಿ ಇದ್ದೀ?”

ಮೈಕ್ ಆಫ್ ಮಾಡಿರಲಿಲ್ಲ. ನಾನೂರು ಜನಕ್ಕೂ ಕೇಳಿತು. “ಎಪ್ಪತ್ತರ ಆಸುಪಾಸು” ಅಂದೆ ನಾನು. ಅದೂ ಕೇಳಿತು. ಆಗ ಮಾತ್ರ ಎಲ್ಲರೂ ನಕ್ಕರು. ಅಪ್ಪನ ಫೋಟೋದ ಎದುರು ಆ ದಿನ ಬಂದ ನಗು ಅದೊಂದೇ.

ಹದಿನೈದು ದಿನ ಬಿಟ್ಟು ಯುವಕ ಮಂಡಲದವರ ಉಚಿತ ಆರೋಗ್ಯ ತಪಾಸಣೆಯಲ್ಲಿ ಸರಿಯಾದ ತೂಕ ಸಿಕ್ಕಿತು. ನಾನು ಎಪ್ಪತ್ತನಾಲ್ಕು. ಅಮ್ಮ ಐವತ್ತೆಂಟು. ಇಬ್ಬರಿಗೂ ಚೀಟಿ ಬರೆದು ಕೊಟ್ಟರು. ನನ್ನದನ್ನು ನಾನು ಹರಿದು ಬಿಸಾಡಿದೆ. ಅಮ್ಮ ತನ್ನದನ್ನು ಮಡಿಸಿ ಪರ್ಸಿನಲ್ಲಿ ಇಟ್ಟುಕೊಂಡಳು. ಅವಳು ಯಾವ ಚೀಟಿಯನ್ನೂ ಬಿಸಾಡುವವಳಲ್ಲ.

ಅಂದರೆ ಒಂಬತ್ತು ಕೆಜಿ ಇಳಿಸಬೇಕು.

ಕಪ್ಪು ಚಾ

ಮೊಬೈಲಿನಲ್ಲಿ ಹುಡುಕಿದೆ. ಇಂಟರ್‌ಮಿಟೆಂಟ್ ಫಾಸ್ಟಿಂಗ್ ಅಂತ ಉಂಟು. ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಎಂಟರ ಒಳಗೆ ಎಂತ ಬೇಕಾದರೂ ತಿನ್ನಬಹುದು. ಆ ಮೇಲೆ ಹದಿನಾರು ಗಂಟೆ ಬಾಯಿಗೆ ಬೀಗ.

ಅಮ್ಮನಿಗೆ ವಿವರಿಸಿದೆ. ಅವಳು ಎರಡು ಸಲ ಕೇಳಿ, ಕೊನೆಗೆ ತನ್ನದೇ ಲೆಕ್ಕದಲ್ಲಿ ಅರ್ಥ ಮಾಡಿಕೊಂಡಳು. “ಹಾಗಾದ್ರೆ ಎಂಟು ಗಂಟೆಗೆ ಬಾಗಿಲು ಹಾಕ್ತದೆ.”

“ಹಾಂ. ಹಾಗೆಯೇ.”

“ನೀನು ಬಾಡಿಗೆ ಮುಗಿಸಿ ಮನೆ ಮುಟ್ಟುವಾಗ ಎಂಟೂವರೆ ಆಗ್ತದಲ್ಲ?”

“ಏಳೂವರೆಗೆ ಎಲ್ಲಿ ಇದ್ದೇನೋ ಅಲ್ಲಿ ಹೋಟೆಲಿನಲ್ಲಿ ಮುಗಿಸ್ತೇನೆ. ನನಗೆ ರಾತ್ರಿಗೆ ಅನ್ನ ಇಡಬೇಡ. ಬೆಳಿಗ್ಗೆಗೂ ಎಂತ ಮಾಡಬೇಡ.”

ಅವಳು ಕೈಯಲ್ಲಿದ್ದ ಅಕ್ಕಿಯ ಸೇರನ್ನು ನೋಡಿದಳು, ನನ್ನನ್ನು ನೋಡಿದಳು, ಅಕ್ಕಿಯನ್ನು ತಿರುಗಿ ಡಬ್ಬಿಗೆ ಸುರಿದಳು. ಅಪ್ಪ ಇದ್ದಾಗ ಅಪ್ಪ ಉಂಡ ಮೇಲೆ ಉಣ್ಣುತ್ತಿದ್ದಳು, ಅವರು ಹೋದ ಮೇಲೆ ನಾನು ಉಂಡ ಮೇಲೆ. ಅದನ್ನು ನಾನು ಆಗ ನೆನೆಯಲಿಲ್ಲ. ನನಗೆ ನನ್ನ ಹೊಟ್ಟೆಯದ್ದೇ ಚಿಂತೆ.

ಇನ್ನು ನಮ್ಮ ತಂಡದ ಕ್ಯಾಪ್ಟನ್. ಬ್ಯಾರಿ ಹುಡುಗ, ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವ. ಈಗ ಸ್ಕೂಟರಿನ ಹಿಂದೆ ಪೆಟ್ಟಿಗೆ ಕಟ್ಟಿ ಮೀನು ಮಾರ್ತಾನೆ. ಅವನ ಎದುರು ಎದೆ ಉಬ್ಬಿಸಿ ಹೇಳಿದೆ, “ದಿನಕ್ಕೆ ಹದಿನಾರು ಗಂಟೆ ಉಪವಾಸ ಮಾರಾಯ. ಸಣ್ಣ ಮಾತಲ್ಲ.”

ಅವನು ಬಂಗುಡೆ ಎಣಿಸುತ್ತಾ ಕೇಳಿದ, “ನೀರು?”

“ನೀರು ಕುಡಿಯಬಹುದು.”

“ಚಾ?”

“ಸಕ್ಕರೆ, ಹಾಲು ಇಲ್ಲದೆ ಕುಡಿಯಬಹುದು.”

“ಈ ಹದಿನಾರರಲ್ಲಿ ನಿದ್ದೆ ಎಷ್ಟು?”

“ಎಂಟು, ಎಂಟೂವರೆ.”

ಅವನು ಏಳನೇ ವರ್ಷದಿಂದ ರಂಜಾನಿನ ತಿಂಗಳು ಪೂರ್ತಿ ಹಗಲು ಒಂದು ಹನಿ ನೀರು ಮುಟ್ಟದೆ ಇದ್ದವ. ಬೇಸಿಗೆಯಲ್ಲಿ ಬಂದರೂ ಮೀನಿನ ಪೆಟ್ಟಿಗೆ ಹೊತ್ತವ. ಕೈ ತೊಳೆದು ನನ್ನ ಭುಜದ ಮೇಲೆ ಇಟ್ಟ. “ಇದು ಉಪವಾಸ ಅಲ್ಲ ಮಾರಾಯ. ಇದಕ್ಕೆ ತಡವಾಗಿ ಏಳುವುದು ಅಂತ ಹೇಳುವುದು.”

ಲಾಯಿಲದ ಎಲೆ

ಜುಲೈ ಮೊದಲಲ್ಲಿ ಲಾಯಿಲದಲ್ಲಿ ಒಂದು ಒಕ್ಕಲು, ಅಂದರೆ ಗೃಹಪ್ರವೇಶ. ಅಪ್ಪನ ದಾಯಾದಿ ಪೈಕಿಯ ಹಿರಿಯರೊಬ್ಬರ ಹೊಸ ಮನೆ. ಅವರಿಗೂ ಅಪ್ಪನಿಗೂ ಇಪ್ಪತ್ತು ವರ್ಷದಿಂದ ಮಾತಿಲ್ಲ. ಯಾವುದೋ ಮದುವೆಯಲ್ಲಿ ಅವರು ಅಪ್ಪನಿಗೆ “ಕಬಡ್ಡಿ ಆಡಿಕೊಂಡು ತಿರುಗುವವನಿಗೆ ಪಾಲಿನ ಮಾತು ಎಂತಕ್ಕೆ?” ಅಂದರಂತೆ. ಅಪ್ಪ ಬಡಿಸಿದ ಎಲೆಯನ್ನು ಮುಟ್ಟದೆ ಹತ್ತು ನಿಮಿಷ ಕೂತು, ಹಾಗೆಯೇ ಎದ್ದು ಬಂದರಂತೆ. ಆಮೇಲೆ ಅವರ ಮನೆಯ ಕಡೆ ಹೋಗಲೇ ಇಲ್ಲ. ಈ ಸಲ ಅಮ್ಮನೇ ನನ್ನನ್ನು ಕಳಿಸಿದಳು, “ಸತ್ತ ಮನೆಗೆ ಅವರು ಬಂದಿದ್ದಾರೆ. ನೀನು ಮುಖ ತೋರಿಸಿ ಬಾ.”

ಪಿಕಪ್ಪಿನಲ್ಲಿ ಲೋಡು ಇತ್ತು, ಹಾಗಾಗಿ ಮೊದಲ ಪಂಕ್ತಿಯಲ್ಲೇ ಕೂತೆ. ಬಡಿಸಿ ಆಗುವಾಗ ಹನ್ನೆರಡು ಆಗ್ತದೆ ಅಂತ ಎಣಿಸಿದ್ದೆ. ಅಡುಗೆಯವರು ಚುರುಕು, ಹನ್ನೊಂದು ನಲವತ್ತಕ್ಕೆ ಎಲೆ ತುಂಬಿತು. ಎಲ್ಲರೂ ಉಣ್ಣಲು ಶುರು ಮಾಡಿದರು. ನಾನು ಎರಡು ಕೈಯನ್ನೂ ತೊಡೆಯ ಮೇಲೆ ಇಟ್ಟು, ಎದುರಿನ ಗೋಡೆಯ ಗಡಿಯಾರವನ್ನೇ ನೋಡುತ್ತಾ ಕೂತೆ. ನಿಯಮ ಅಂದರೆ ನಿಯಮ.

ಐದು ನಿಮಿಷದಲ್ಲಿ ನನ್ನ ಬಲಗಡೆಯವರು ಉಣ್ಣುವುದು ನಿಲ್ಲಿಸಿದರು. ಮತ್ತೆ ಎಡಗಡೆಯವರು. ಸಾರಿನವ ಬಂದು ನನ್ನ ಮುಖ ನೋಡಿ ಬಕೆಟ್ ಸಮೇತ ಓಡಿದ. ಒಳಗೆ ಪಿಸುಪಿಸು. “ಅಪ್ಪನ ಹಾಗೆಯೇ ಕೂತಿದ್ದಾನೆ. ಕೈ ಹಾಕ್ತಾ ಇಲ್ಲ.”

ಆ ಹಿರಿಯರೇ ಬಂದರು. ಹೊಸ ಮನೆಯ ಯಜಮಾನ, ಹೊಸ ಪಂಚೆ, ಕೈ ಮುಗಿದಿದ್ದಾರೆ.

“ಎಂತ ಆಯಿತು ಮಗಾ? ಬಡಿಸಿದ್ದರಲ್ಲಿ ಎಂತಾದ್ರೂ ಕಮ್ಮಿ ಆಯಿತಾ?”

“ಎಂತ ಇಲ್ಲ ದೊಡ್ಡಪ್ಪ. ಹನ್ನೆರಡು ಗಂಟೆ ಆಗಲಿ.”

ಅದನ್ನು ಅವರು ಹೇಗೆ ತೆಗೆದುಕೊಂಡರೋ, ನನ್ನ ಎಲೆಯ ಎದುರೇ ನೆಲದಲ್ಲಿ ಕೂತುಬಿಟ್ಟರು. “ನನಗೆ ಗೊತ್ತುಂಟು ನೀನು ಎಂತಕ್ಕೆ ಕೂತದ್ದು ಅಂತ. ಅಂದು ನಿನ್ನ ಅಪ್ಪನಿಗೆ ನಾನು ಅಷ್ಟು ಜನರ ಎದುರು ಹಾಗೆ ಹೇಳಬಾರದಿತ್ತು. ತಪ್ಪು ನನ್ನದೇ. ಅವನು ಇರುವಾಗಲೇ ಹೇಳಬೇಕು ಅಂತ ಇತ್ತು. ಆಗಲಿಲ್ಲ. ಈಗ ನಿನ್ನತ್ರ ಹೇಳ್ತೇನೆ. ಉಣ್ಣು.”

ಪಂಕ್ತಿಯಲ್ಲಿ ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಂಡರು. ನನಗೂ ಎದೆ ಭಾರ ಆಯಿತು, ಸುಳ್ಳು ಹೇಳುವುದಿಲ್ಲ. ಈಗ ಇದು ಡಯಟ್ ಅಂತ ಹೇಳಲು ಯಾವ ಬಾಯಿ? ತಲೆ ತಗ್ಗಿಸಿ ಕೂತೆ. ಗಡಿಯಾರ ಹನ್ನೆರಡು ಹೊಡೆಯಿತು. ಅನ್ನಕ್ಕೆ ಕೈ ಹಾಕಿದೆ.

ಇಡೀ ಪಂಕ್ತಿ ಉಸಿರು ಬಿಟ್ಟಿತು. ಅಪ್ಪನಿಗೆ ಇಪ್ಪತ್ತು ವರ್ಷ ಸಿಗದಿದ್ದ ತಪ್ಪೊಪ್ಪಿಗೆ ನನಗೆ ಇಪ್ಪತ್ತು ನಿಮಿಷದಲ್ಲಿ ಸಿಕ್ಕಿತು. ಹೊರಡುವಾಗ ಆ ಹಿರಿಯರು ಯಾರಿಗೋ ಹೇಳುತ್ತಿದ್ದದ್ದು ಕೇಳಿತು: “ಅಪ್ಪನಿಗಿಂತ ಗಟ್ಟಿ ಇವನು. ಅವನು ಹತ್ತು ನಿಮಿಷದಲ್ಲಿ ಎದ್ದು ಹೋಗಿದ್ದ. ಇವನು ತಪ್ಪು ಒಪ್ಪಿಸಿಯೇ ಉಂಡದ್ದು. ಅದೂ ಮೂರು ಸಲ ಪಾಯಸ.”

ಆಟಿ

ಆಟಿ ತಿಂಗಳಲ್ಲಿ, ಆಷಾಢದ ಮಳೆಯ ಹೊತ್ತಿಗೆ, ನಮ್ಮಲ್ಲಿ ಸತ್ತವರಿಗೆ ಬಡಿಸುವುದುಂಟು. ಅವರಿಗೆ ಇಷ್ಟದ್ದನ್ನೆಲ್ಲ ಮಾಡಿ, ಒಳಗಿನ ಕೋಣೆಯಲ್ಲಿ ಎಲೆ ಹಾಕಿ ಬಡಿಸಿ, ಬಾಗಿಲು ಎಳೆದು ಹೊರಗೆ ಸುಮ್ಮನೆ ಕೂರುವುದು. ಅವರು ಬಂದು ಉಂಡು ಹೋದರು ಅನ್ನುವಷ್ಟು ಹೊತ್ತಾದ ಮೇಲೆ ಬಾಗಿಲು ತೆಗೆದು, ಆ ಎಲೆಯದ್ದನ್ನು ಮನೆಯವರು ಉಣ್ಣುವುದು. ಅಪ್ಪನಿಗೆ ಇದು ಮೊದಲ ಆಟಿ.

ಬಡಿಸಲು ಮೂಡುಬಿದಿರೆಯಿಂದ ಸೋದರಮಾವ ಬಂದಿದ್ದರು. ಅಮ್ಮ ಬೆಳಗಿನಿಂದ ಒಲೆಯ ಎದುರು. ಕೋಳಿ, ರೊಟ್ಟಿ, ಬಂಗುಡೆ ಪುಳಿಮುಂಚಿ. ರವಿಕೆಯ ತೋಳಿಗೆ ಎರಡು ಕಡೆ ಪಿನ್ನು ಚುಚ್ಚಿಕೊಂಡಿದ್ದಳು. ಮಾವ ಕೇಳಿದ್ದಕ್ಕೆ, “ಆ ಟೈಲರ್ ಈ ಸಲ ಅಳತೆ ತಪ್ಪಿದ್ದಾನೆ ಅಣ್ಣ. ಎಲ್ಲ ದೊಗಳೆ ಹೊಲಿದಿದ್ದಾನೆ” ಅಂದಳು. ನಾನೂ ಟೈಲರನಿಗೆ ಎರಡು ಬೈದೆ.

ಮಳೆಗೆ ರಸ್ತೆಯಲ್ಲಿ ಮರ ಬಿದ್ದು ಮಾವ ಮುಟ್ಟುವಾಗಲೇ ತಡ ಆಗಿತ್ತು. ಬಡಿಸಿ ಬಾಗಿಲು ಎಳೆಯುವಾಗ ಏಳು ಮೂವತ್ತೈದು. ಚಾವಡಿಯಲ್ಲಿ ಮೂವರೇ ಕೂತೆವು. ಕೋಳಿಯ ಪರಿಮಳ ಬಾಗಿಲಿನ ಸಂದಿನಿಂದ ಬರ್ತಾ ಉಂಟು. ಏಳು ನಲವತ್ತೈದು. ಏಳು ಐವತ್ತು.

“ಮಾವ, ತೆಗೆಯುವನಾ?”

“ಉಣ್ಣಲು ಬಿಡು ಮಾರಾಯ.”

ಏಳು ಐವತ್ತೈದು. “ಮಾವ, ಅಪ್ಪ ಇರುವಾಗ ಐದು ನಿಮಿಷದಲ್ಲಿ ಉಂಡು ಕೈ ತೊಳೀತಿದ್ದರು.”

“ಆಗ ಅವರಿಗೆ ಮ್ಯಾಚ್ ಇತ್ತು, ಕೆಲಸ ಇತ್ತು. ಈಗ ಅವರಿಗೆ ಎಂತ ಅವಸರ?”

ಬಾಗಿಲು ತೆಗೆದದ್ದು ಎಂಟು ಐದಕ್ಕೆ. ಮಾವ ಎಲೆ ಎತ್ತಿ ನನ್ನ ಎದುರು ಇಟ್ಟರು. ನಾನು ಕೈ ಹಿಂದೆ ಕಟ್ಟಿಕೊಂಡೆ. ಇಲ್ಲಿ ನಾನು ಸೋತರೆ ಅಪ್ಪನ ಟ್ರೋಫಿಯೇ ಸೋತ ಹಾಗೆ ಅಂತ ನನ್ನ ತಲೆಯಲ್ಲಿ ಕೂತಿತ್ತು. ಮಾವ ಅಮ್ಮನ ಕಡೆ ನೋಡಿದರು. “ನೀನಾದ್ರೂ ಕೂತುಕೋ.” ಅಮ್ಮ, “ನನಗೆ ಹೊಗೆಯಲ್ಲಿ ನಿಂತು ಹಸಿವೇ ಸತ್ತುಹೋಗಿದೆ” ಅಂದಳು.

ಮಾವ ಒಬ್ಬರೇ ಎಲೆಯ ಎದುರು ಕೂತು ರೊಟ್ಟಿ ಮುರಿದರು. “ಸತ್ತವನು ಅರ್ಧ ಗಂಟೆ ಕೂತು ಉಂಡು ಹೋದ. ಇದ್ದವರು ಉಪವಾಸ. ನಾನು ಮೂಡುಬಿದಿರೆಯಿಂದ ಬಂದು ಬಡಿಸಿದ್ದು ಯಾರಿಗೆ ಅಂತಲೇ ನನಗೆ ಗೊತ್ತಾಗ್ತಾ ಇಲ್ಲ.”

ಅಡಿಕೆ ಅಂಗಡಿಯ ಕಾಂಟ

ತೂಕ ಇಳಿಯಿತಾ ಅಂತ ಕೇಳ್ತೀರಿ. ಇಳಿಯದೆ ಎಂತ? ನಾನು ಹಿಡಿದ ಕೆಲಸ.

ವಾರಕ್ಕೆರಡು ಸಲ ಒಂದು ಅಡಿಕೆ ಅಂಗಡಿಗೆ ಗೋಣಿ ಇಳಿಸಲು ಹೋಗ್ತೇನೆ. ಅಲ್ಲಿ ದೊಡ್ಡ ಕಾಂಟ ಉಂಟು, ಮೂಟೆ ತೂಗುವಂಥದ್ದು. ಮೂಟೆ ಇಳಿಸಿದ ಮೇಲೆ ನಾನೇ ಹತ್ತಿ ನಿಲ್ಲುತ್ತಿದ್ದೆ. ಆಗಸ್ಟಿನಲ್ಲಿ ಎಪ್ಪತ್ತು. ಅಕ್ಟೋಬರಿನಲ್ಲಿ ಅರವತ್ತೇಳು. ಡಿಸೆಂಬರಿನ ಮೊದಲ ವಾರ ಅರವತ್ನಾಲ್ಕು ಮುಕ್ಕಾಲು! ಅಂಗಡಿಯ ಮೆಟ್ಟಿಲಲ್ಲೇ ಅಂಗಿ ಎತ್ತಿ ಎಲ್ಲರಿಗೂ ಹೊಟ್ಟೆ ತೋರಿಸಿದೆ. ಫೋಟೋ ಹೊಡೆದು ತಂಡದ ಗುಂಪಿಗೆ ಹಾಕಿದೆ. ಅಧ್ಯಕ್ಷರು ಆಟಗಾರರ ಪಟ್ಟಿಯಲ್ಲಿ ನನ್ನ ಹೆಸರು ಬರೆದರು.

ಕ್ಯಾಪ್ಟನ್ ಮಾತ್ರ ಫೋನು ಮಾಡಿದ. “ಎಲ್ಲಿ ತೂಗಿದ್ದು?”

“ಅಡಿಕೆ ಅಂಗಡಿಯಲ್ಲಿ.”

“ಅವರು ಅಡಿಕೆ ಮಾರುವವರಾ, ತೆಗೆದುಕೊಳ್ಳುವವರಾ?”

“ತೆಗೆದುಕೊಳ್ಳುವವರು.”

“ನಿನ್ನ ಅಪ್ಪ ಪ್ರತಿ ವರ್ಷ ಆ ಕಾಂಟದ ಎದುರು ನಿಂತು ಎಂತಕ್ಕೆ ಜಗಳ ಮಾಡ್ತಿದ್ದದ್ದು, ನೆನಪುಂಟಾ?”

ನೆನಪಿತ್ತು. ಅಪ್ಪ ಹೇಳುತ್ತಿದ್ದರು, ಆ ಕಾಂಟದ ಮೇಲೆ ಆನೆ ನಿಂತರೂ ಎಮ್ಮೆಯ ತೂಕ ತೋರಿಸ್ತದೆ ಅಂತ. ಮೂಟೆಗೆ ಎರಡು ಮೂರು ಕೆಜಿ ಅದು ನುಂಗುವುದು ಊರಿನ ಮಕ್ಕಳಿಗೂ ಗೊತ್ತು. ನಾನೇ ಎಷ್ಟು ಸಲ ಬೈದಿದ್ದೇನೆ. ಆದರೆ ನನ್ನ ತೂಕ ಇಳಿದದ್ದು ತೋರಿಸಿದಾಗ ಮಾತ್ರ ಆ ಕಾಂಟ ಸತ್ಯವಂತನ ಹಾಗೆ ಕಂಡಿತ್ತು.

“ಆ ಕಾಂಟ ಈಗ ಸರಿ ಮಾಡಿಸಿದ್ದಾರೆ” ಅಂತ ಫೋನ್ ಇಟ್ಟೆ. ಯಾರೂ ಮಾಡಿಸಿರಲಿಲ್ಲ. ಕಾಂಟ ಒಂದನ್ನು ನಾನು ಜೀವಮಾನದಲ್ಲಿ ಮೊದಲ ಸಲ ನಂಬಿದ್ದು, ಹೋಗಿ ಹೋಗಿ ಅದನ್ನು.

ತೂಕ

ಪಂದ್ಯಾಟದ ದಿನ ಸಂಜೆ ಮೈದಾನದಲ್ಲಿ ಲೈಟು, ಮ್ಯಾಟು, ಗೋಳಿಬಜೆಯ ಸ್ಟಾಲು. ವೇದಿಕೆಯಲ್ಲಿ ಹೂವಿನ ಹಾರ ಹಾಕಿದ ಅಪ್ಪನ ದೊಡ್ಡ ಫೋಟೋ. ದೀಪ ಹೊತ್ತಿಸಲು ಅಮ್ಮನನ್ನು ಕರೆದಿದ್ದರು. ಅವಳು ಮದುವೆಗೆ ಉಡುವ ಸೀರೆ ಉಟ್ಟು ಬಂದಿದ್ದಳು, ರವಿಕೆಗೆ ಈಗ ನಾಲ್ಕು ಪಿನ್ನು.

ವೇದಿಕೆಯ ಪಕ್ಕದಲ್ಲೇ ತೂಕ ನೋಡುವ ಮೇಜು. ಅಂಪೈರ್ ಮಂಗಳೂರು ಕಡೆಯವರು, ಮೀಸೆಯಲ್ಲೂ ನಗದವರು. ನನ್ನ ಸರದಿ ಬಂತು. ಚಡ್ಡಿಯೊಂದು ಬಿಟ್ಟು ಎಲ್ಲ ಬಿಚ್ಚಿ ಹತ್ತಿದೆ.

ಅರವತ್ತೇಳು ಪಾಯಿಂಟ್ ನಾಲ್ಕು.

ಇಳಿದು ಪುನಃ ಹತ್ತಿದೆ. ಅರವತ್ತೇಳು ಪಾಯಿಂಟ್ ನಾಲ್ಕು. ಸೊಂಟದ ನೂಲು ತೆಗೆದೆ. ಉಸಿರು ಪೂರ್ತಿ ಬಿಟ್ಟೆ. ಅದೇ.

“ಮುಂದಿನವರು” ಅಂದರು ಅಂಪೈರ್.

ಆರೂವರೆ ಕೆಜಿ ಇಳಿಸಿದ್ದೇನೆ, ಸಣ್ಣ ಮಾತಲ್ಲ ಅಂತ ಯಾರ ಹತ್ತಿರ ಹೇಳುವುದು? ಕ್ಯಾಪ್ಟನ್ ನನ್ನ ಮುಖ ನೋಡಲಿಲ್ಲ, ಬೇರೆಯವನಿಗೆ ನನ್ನ ಜೆರ್ಸಿ ಕೊಟ್ಟ. ಅಪ್ಪನ ಫೋಟೋ ನೋಡಲು ನನಗೆ ಧೈರ್ಯ ಬರಲಿಲ್ಲ.

ಆಗ ಅಮ್ಮ ಮೇಜಿನ ಹತ್ತಿರ ಬಂದಳು. ಜೀವಮಾನದಲ್ಲಿ ಅವಳು ಅಷ್ಟು ಗಂಡಸರ ನಡುವೆ ದೊಡ್ಡ ಮಾತು ಆಡಿದವಳಲ್ಲ.

“ನಿಮ್ಮ ಕಾಂಟ ಸರಿ ಇಲ್ಲ” ಅಂದಳು ಅಂಪೈರಿಗೆ. “ನನ್ನ ಮಗ ಆರು ತಿಂಗಳು ಹೊಟ್ಟೆ ಕಟ್ಟಿದ್ದಾನೆ. ಅಪ್ಪನಿಗೆ ಬಡಿಸಿದ್ದನ್ನೂ ಮುಟ್ಟಲಿಲ್ಲ.”

“ಇಲ್ಲ ಅಮ್ಮ, ಇದು ಹೊಸ ಕಾಂಟ. ಬೆಳಿಗ್ಗೆ ಪರೀಕ್ಷೆ ಮಾಡಿ ತಂದದ್ದು.”

“ಹಾಗಾದ್ರೆ ನಾನು ಹತ್ತುತ್ತೇನೆ. ನನ್ನ ತೂಕ ಡಾಕ್ಟರು ಬರೆದು ಕೊಟ್ಟದ್ದುಂಟು.” ಪರ್ಸಿನಿಂದ ಮಡಿಸಿದ ಚೀಟಿ ತೆಗೆದು ಮೇಜಿನ ಮೇಲೆ ಇಟ್ಟಳು. “ಐವತ್ತೆಂಟು. ನೋಡಿ.”

ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಮ್ಮ ಹತ್ತಿ ನಿಂತಳು. ಸುತ್ತ ಹದಿನಾರು ತಂಡದ ಆಟಗಾರರು.

ನಲವತ್ತೊಂಬತ್ತು.

“ನೋಡಿದಿರಾ!” ಅಮ್ಮ ಗೆದ್ದವಳ ಹಾಗೆ ಎಲ್ಲರ ಕಡೆ ತಿರುಗಿದಳು. “ಒಂಬತ್ತು ಕೆಜಿ ತಪ್ಪು ತೋರಿಸ್ತದೆ ನಿಮ್ಮ ಕಾಂಟ!”

ಅಂಪೈರ್ ಚೀಟಿ ನೋಡಿದರು, ಕಾಂಟ ನೋಡಿದರು. ಮೊದಲ ಸಲ ಅವರ ಮೀಸೆ ಅಲುಗಿತು. “ಅಮ್ಮ, ಒಂಬತ್ತು ಕೆಜಿ ಕಮ್ಮಿ ತೋರಿಸುವುದಾದ್ರೆ ನಿಮ್ಮ ಮಗ ಎಪ್ಪತ್ತಾರು ಆಗ್ತಾನೆ.”

ಹದಿನಾರು ತಂಡ ಒಟ್ಟಿಗೆ ನಕ್ಕಿತು. ಯಾರೋ ಹಿಂದಿನಿಂದ ಕೂಗಿದ, “ಅಮ್ಮನನ್ನೇ ಆಡಿಸುವ, ತೂಕ ಸರಿ ಉಂಟು!” ಅಮ್ಮನೂ ನಕ್ಕಳು, ಎಂತಕ್ಕೆ ಅಂತ ಗೊತ್ತಾಗದೆ.

ನಗದವರು ಇಬ್ಬರೇ, ನಾನು ಮತ್ತು ಕ್ಯಾಪ್ಟನ್. ಕಾಂಟ ಸರಿಯೇ ಇತ್ತು. ಟೈಲರನೂ ಸರಿಯೇ ಹೊಲಿದಿದ್ದ. ಇಳಿಯಬೇಕಾಗಿದ್ದ ಒಂಬತ್ತು ಕೆಜಿ ಲೆಕ್ಕಕ್ಕೆ ಸರಿಯಾಗಿ ಇಳಿದಿತ್ತು, ನಮ್ಮ ಮನೆಯಿಂದಲೇ, ಆದರೆ ನನ್ನಿಂದ ಅಲ್ಲ.

ಅವಳ ಕೈ ಹಿಡಿದು ಗೋಳಿಬಜೆಯ ಸ್ಟಾಲಿಗೆ ಎಳೆದುಕೊಂಡು ಹೋದೆ. ಮುಂಗೈ ಹಿಡಿದಾಗ ನನ್ನ ಬೆರಳು ಸುತ್ತು ಬಂದು ಒಂದರ ಮೇಲೊಂದು ಕೂತಿತು.

“ರಾತ್ರಿ ಎಂತ ತಿಂತಿದ್ದೆ ನೀನು?”

“ಒಬ್ಬಳಿಗೆ ಎಂತ ಅನ್ನ ಇಡುವುದು ಮಗಾ? ಮಧ್ಯಾಹ್ನದ ಗಂಜಿ ತಿಳಿ ಕುಡಿದು ಮಲಗ್ತಿದ್ದೆ.”

“ಬೆಳಿಗ್ಗೆ?”

“ನೀನು ಖಾಲಿ ಹೊಟ್ಟೆಯಲ್ಲಿ ಗಾಡಿ ತೆಗೆದುಕೊಂಡು ಹೋಗುವಾಗ ನಾನು ಹೇಗೆ ತಿನ್ನುವುದು?”

ಎರಡು ಪ್ಲೇಟು ಗೋಳಿಬಜೆ, ಎರಡು ಪ್ಲೇಟು ಕೋಳಿ ಸುಕ್ಕ ತಂದು ಅವಳ ಎದುರು ಇಟ್ಟೆ. ಅವಳು ಮುಟ್ಟಲಿಲ್ಲ. ನನ್ನ ಮೊಬೈಲ್ ತಿರುಗಿಸಿ ಗಂಟೆ ನೋಡಿದಳು.

“ಎಂಟು ಹತ್ತು ಆಯಿತು. ನಿನ್ನ ಬಾಗಿಲು ಹಾಕಿತಲ್ಲ.”

ನಾನು ಒಂದು ಗೋಳಿಬಜೆ ಪೂರ್ತಿ ಬಾಯಿಗೆ ತುರುಕಿದೆ. ಬಿಸಿಗೆ ಕಣ್ಣಲ್ಲಿ ನೀರು ಬಂತು. ಬಿಸಿಗೇ ಅಂತ ಇಟ್ಟುಕೊಳ್ಳಿ. ನಾನು ನುಂಗಿದ್ದು ನೋಡಿದ ಮೇಲೆ ಅವಳೂ ಒಂದು ತುಂಡು ಮುರಿದಳು. ಮತ್ತೆ ಇನ್ನೊಂದು. ಹಸಿದವರು ತಿನ್ನುವ ಹಾಗೆ ತಿಂದಳು, ತಲೆ ಎತ್ತದೆ.

ಅಷ್ಟರಲ್ಲಿ ಮೈಕ್ ಕೂಗಿತು: “ಮೃತರ ಧರ್ಮಪತ್ನಿಯವರು ದೀಪ ಬೆಳಗಿಸಲು ಕೂಡಲೇ ವೇದಿಕೆಗೆ ಬರಬೇಕು. ಗಣ್ಯರು ಕಾಯುತ್ತಿದ್ದಾರೆ.”

ಅಮ್ಮ ಗಡಬಡಿಸಿ ಪ್ಲೇಟು ಕೆಳಗಿಡಲು ಹೋದಳು. ನಾನು ಅವಳ ಕೈ ಹಿಡಿದು ಕೂರಿಸಿದೆ. ಎದ್ದು ನಿಂತು, ರೈಡಿಗೆ ಹೋಗುವಾಗ ತೆಗೆಯುವಷ್ಟು ಉಸಿರು ತೆಗೆದು, ಇಡೀ ಮೈದಾನಕ್ಕೆ ಕೇಳುವ ಹಾಗೆ ಕೂಗಿದೆ. ನನಗೆ ಮೈಕ್ ಬೇಕಾಗಿಲ್ಲ.

“ಅಮ್ಮ ತಿಂತಾ ಇದ್ದಾಳೆ! ದೀಪ ಕಾಯಲಿ!”

ಸಾವಿರ ಜನ ಸ್ಟಾಲಿನ ಕಡೆ ತಿರುಗಿದರು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ನನ್ನ ಚಡ್ಡಿ ಹಿಡಿದು ಜಗ್ಗಿದಳು.

“ಮೆಲ್ಲ ಹೇಳು ಮಾರಾಯ. ಮೊದಲು ಅಂಗಿ ಹಾಕು.”